ಕ್ಯಾಲೊರಿ ಲೆಕ್ಕ: ಎಷ್ಟು ನಿಖರವಾದರೆ ಸಾಕು?

ತೂಕ ಇಳಿಸಲು ಹೊರಟವರ ಮನೆಯಲ್ಲಿ ಇಂದು ಎರಡು ಸಾಧನಗಳು ಸಾಮಾನ್ಯವಾಗಿವೆ. ಒಂದು, ಅಡುಗೆಮನೆಯ ಪುಟ್ಟ ಡಿಜಿಟಲ್ ತಕ್ಕಡಿ. ಮತ್ತೊಂದು, ತಿಂದದ್ದನ್ನೆಲ್ಲ ದಾಖಲಿಸಿಕೊಳ್ಳುವ ಮೊಬೈಲ್ ಆ್ಯಪ್. ಬೆಳಗಿನ ಇಡ್ಲಿಯಿಂದ ರಾತ್ರಿಯ ಮಜ್ಜಿಗೆಯವರೆಗೆ ಎಲ್ಲವನ್ನೂ ನಮೂದಿಸಿದರೆ, ದಿನದ ಕೊನೆಗೆ 1,487 ಕ್ಯಾಲೊರಿ ಎಂಬಂಥ ಅಂಕಿಯೊಂದು ಪರದೆಯ ಮೇಲೆ ಮೂಡುತ್ತದೆ. ಗುರಿ 1,500 ಆಗಿದ್ದರೆ ಸಮಾಧಾನ. ಅಂಕಿ 1,513 ಆದರೆ ಅಪರಾಧಿ ಭಾವ.

ವಾಸ್ತವದಲ್ಲಿ ಈ ಎರಡು ಅಂಕಿಗಳ ನಡುವೆ ಯಾವ ವ್ಯತ್ಯಾಸವೂ ಇಲ್ಲ. ಆಹಾರದ ಕ್ಯಾಲೊರಿಯನ್ನು ಅಷ್ಟು ಸೂಕ್ಷ್ಮವಾಗಿ ಅಳೆಯುವ ವಿಧಾನ ಯಾರ ಮನೆಯಲ್ಲೂ ಇಲ್ಲ. ಹಾಗೆಂದು ಲೆಕ್ಕವೇ ನಿರರ್ಥಕವೆಂದು ಕೈಬಿಡುವುದೂ ಸರಿಯಲ್ಲ. ಎಲ್ಲಿ ಕಟ್ಟುನಿಟ್ಟಾಗಿರಬೇಕು, ಎಲ್ಲಿ ಕಣ್ಣಳತೆ ಸಾಕು ಎಂಬುದನ್ನು ಅರಿತರೆ ಶ್ರಮವೂ ಉಳಿಯುತ್ತದೆ, ಫಲವೂ ದೊರೆಯುತ್ತದೆ.

ಅಂಕಿಗಳು ಹುಟ್ಟಿದ ಬಗೆ

ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಶಾಖವೇ ಕಿಲೊಕ್ಯಾಲೊರಿ. ಆಹಾರದ ವಿಷಯದಲ್ಲಿ ಜನ ಕ್ಯಾಲೊರಿ ಎನ್ನುವುದು ಇದನ್ನೇ. ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಬರ್ ಆಟ್‌ವಾಟರ್ 1890ರ ದಶಕದಲ್ಲಿ ಭೌತಶಾಸ್ತ್ರಜ್ಞ ಎಡ್ವರ್ಡ್ ರೋಸಾ ಜೊತೆಗೂಡಿ, ಮನುಷ್ಯನೊಬ್ಬ ದಿನಗಟ್ಟಲೆ ಒಳಗೇ ಇರಬಹುದಾದ ಕೋಣೆಯಂಥ ಶಾಖಮಾಪಕವನ್ನು ರೂಪಿಸಿದರು. ಆಹಾರವನ್ನು ಸುಟ್ಟಾಗ ಬರುವ ಶಾಖವೆಷ್ಟು, ಮಲಮೂತ್ರಗಳಲ್ಲಿ ನಷ್ಟವಾಗುವುದೆಷ್ಟು ಎಂದು ಅಳೆದು ಅವರು ಸರಾಸರಿ ತೆಗೆದರು. ಒಂದು ಗ್ರಾಂ ಪ್ರೋಟೀನಿಗೆ 4, ಒಂದು ಗ್ರಾಂ ಕಾರ್ಬೋಹೈಡ್ರೇಟಿಗೆ 4, ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ ಎಂಬ ಸೂತ್ರ ಬಂದದ್ದು ಹೀಗೆ. ಇಂದಿಗೂ ಪೊಟ್ಟಣಗಳ ಮೇಲಿನ ಹೆಚ್ಚಿನ ಅಂಕಿಗಳಿಗೆ ಇದೇ ಆಧಾರ.

ಮಿಶ್ರ ಆಹಾರದ ಸರಾಸರಿಗೆ ಈ ಸೂತ್ರ ಚೆನ್ನಾಗಿಯೇ ಹೊಂದುತ್ತದೆ. ಬಿಡಿ ಪದಾರ್ಥಗಳಿಗೆ ಬಂದಾಗ ಕೆಲವೊಮ್ಮೆ ಎಡವುತ್ತದೆ. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನದಲ್ಲಿ, 28 ಗ್ರಾಂ ಬಾದಾಮಿಯಿಂದ ದೇಹಕ್ಕೆ ದಕ್ಕಿದ್ದು ಸುಮಾರು 129 ಕ್ಯಾಲೊರಿ ಮಾತ್ರ. ಸೂತ್ರದ ಲೆಕ್ಕ ಹೇಳುತ್ತಿದ್ದುದು 170ರಷ್ಟು. ಬಾದಾಮಿಯ ಗಟ್ಟಿಯಾದ ಕೋಶಗಳೊಳಗೆ ಸಿಲುಕಿದ ಕೊಬ್ಬಿನ ಒಂದು ಪಾಲು ಜೀರ್ಣವಾಗದೆ ಹೊರಹೋಗುವುದೇ ಇದಕ್ಕೆ ಕಾರಣ.

ಲೇಬಲ್, ಕೋಷ್ಟಕ, ಹೋಟೆಲ್

ಪೊಟ್ಟಣದ ಮೇಲೆ ಅಚ್ಚಾದ ಅಂಕಿಯೂ ಅಂದಾಜೇ. ಅಮೆರಿಕದ ನಿಯಮದಂತೆ, ಆಹಾರದಲ್ಲಿರುವ ಕ್ಯಾಲೊರಿ ಲೇಬಲ್ಲಿನ ಅಂಕಿಗಿಂತ ಶೇ. 20ರಷ್ಟು ಹೆಚ್ಚಿದ್ದರೂ ಅದು ತಪ್ಪು ಲೇಬಲ್ ಎನಿಸುವುದಿಲ್ಲ. ಅಲ್ಲದೆ 50ಕ್ಕಿಂತ ಹೆಚ್ಚಿನ ಅಂಕಿಯನ್ನು ಸಮೀಪದ ಹತ್ತಕ್ಕೆ ಸರಿಹೊಂದಿಸಿ ಮುದ್ರಿಸಲಾಗುತ್ತದೆ.

ಭಾರತದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ 528 ಆಹಾರ ಪದಾರ್ಥಗಳ ಪೋಷಕಾಂಶ ಕೋಷ್ಟಕವನ್ನು ಪ್ರಕಟಿಸಿತು. ದೇಶದ ಆರು ವಲಯಗಳಿಂದ ಮಾದರಿಗಳನ್ನು ತಂದು ಪರೀಕ್ಷಿಸಿ ಸಿದ್ಧಪಡಿಸಿದ ಈ ಕೋಷ್ಟಕ ವಿಶ್ವಾಸಾರ್ಹವಾದುದು. ಆದರೆ ಅದು ಕೊಡುವುದು ಸರಾಸರಿ. ಇಂದಿನ ಚೀಲದಲ್ಲಿರುವ ರಾಗಿಯ ಜಾತಕವನ್ನಲ್ಲ.

ಹೋಟೆಲಿನ ತಿನಿಸಿಗೆ ಬಂದರೆ ಅನಿಶ್ಚಿತತೆ ಇನ್ನೂ ಹಿಗ್ಗುತ್ತದೆ. ಹತ್ತು ಅಥವಾ ಹೆಚ್ಚು ಶಾಖೆಗಳುಳ್ಳ ಉಪಾಹಾರ ಗೃಹಗಳು ತಮ್ಮ ಪಟ್ಟಿಯಲ್ಲಿ ಕ್ಯಾಲೊರಿ ನಮೂದಿಸಬೇಕೆಂಬ ನಿಯಮ 2022ರ ಜುಲೈ 1ರಿಂದ ಜಾರಿಗೆ ಬಂದಿದೆ. ಬೀದಿಯ ತುದಿಯ ದರ್ಶಿನಿಗೆ ಅದು ಅನ್ವಯಿಸದು. ಒಂದು ಕಡೆಯ ಮಸಾಲೆ ದೋಸೆಗೂ ಇನ್ನೊಂದು ಕಡೆಯ ಮಸಾಲೆ ದೋಸೆಗೂ ಗಾತ್ರದಲ್ಲಿ, ಹೆಂಚಿನ ಮೇಲೆ ಸುರಿದ ಎಣ್ಣೆಯಲ್ಲಿ, ಮೇಲಿಟ್ಟ ಬೆಣ್ಣೆಯಲ್ಲಿ ಅಜಗಜಾಂತರ. ಆ್ಯಪ್ ತೋರಿಸುವ ಒಂದೇ ಅಂಕಿ ಇವೆರಡಕ್ಕೂ ಸಲ್ಲುವುದಾದರೂ ಹೇಗೆ?

ಖರ್ಚಿನ ಬದಿಯೂ ಅಂದಾಜೇ

ಜಮೆಯ ಕತೆ ಹೀಗಾದರೆ ಖರ್ಚಿನ ಕತೆ ಬೇರೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2020ರ ವರದಿಯ ಪ್ರಕಾರ, ಕುಳಿತು ಕೆಲಸ ಮಾಡುವ 65 ಕೆ.ಜಿ. ತೂಕದ ಪುರುಷನಿಗೆ ದಿನಕ್ಕೆ 2,110, 55 ಕೆ.ಜಿ. ತೂಕದ ಮಹಿಳೆಗೆ 1,660 ಕ್ಯಾಲೊರಿ ಬೇಕು. ಇವು ಸಮುದಾಯದ ಸರಾಸರಿಗಳು. ಒಂದೇ ವಯಸ್ಸು, ಎತ್ತರ, ತೂಕದ ಇಬ್ಬರಲ್ಲಿ ನೂರಾರು ಕ್ಯಾಲೊರಿಗಳ ವ್ಯತ್ಯಾಸವಿರುವುದು ಅಪರೂಪವೇನಲ್ಲ.

ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿಗಳನ್ನು ನಂಬಿ, ‘ಇಂದು 400 ಸುಟ್ಟೆ, ಅಷ್ಟನ್ನು ತಿನ್ನಬಹುದು’ ಎಂದುಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಇಂಥ ಏಳು ಸಾಧನಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಹೃದಯ ಬಡಿತದ ಲೆಕ್ಕ ಬಹುಮಟ್ಟಿಗೆ ಸರಿಯಿತ್ತು. ಕ್ಯಾಲೊರಿ ಲೆಕ್ಕದಲ್ಲಿ ಮಾತ್ರ ಅತ್ಯುತ್ತಮ ಸಾಧನವೂ ಸರಾಸರಿ ಶೇ. 27ರಷ್ಟು ತಪ್ಪಿತ್ತು, ಕಳಪೆಯದು ಶೇ. 93ರಷ್ಟು.

ಎರಡು ಬಗೆಯ ತಪ್ಪು

ಇಷ್ಟೆಲ್ಲ ತಪ್ಪುಗಳಿದ್ದರೂ ಲೆಕ್ಕವಿಟ್ಟ ಹಲವರು ತೂಕ ಇಳಿಸುತ್ತಾರಲ್ಲ? ಉತ್ತರ ತಪ್ಪುಗಳ ಸ್ವಭಾವದಲ್ಲಿದೆ.

ಮೊದಲನೆಯದು ಆಚೀಚೆ ಓಲಾಡುವ ತಪ್ಪು. ಇಂದಿನ ಬಾಳೆಹಣ್ಣು ಕೋಷ್ಟಕದ ಹಣ್ಣಿಗಿಂತ ದೊಡ್ಡದು, ನಾಳೆಯದು ಚಿಕ್ಕದು. ಇಂಥವು ತಿಂಗಳೊಪ್ಪತ್ತಿನಲ್ಲಿ ಒಂದಕ್ಕೊಂದು ವಜಾ ಆಗುತ್ತವೆ. ದಿನದ ಲೆಕ್ಕ 200 ಕ್ಯಾಲೊರಿಯಷ್ಟು ಅತ್ತಿತ್ತ ಹೊಯ್ದಾಡಿದರೂ 30 ದಿನಗಳ ಸರಾಸರಿಯಲ್ಲಿ ಉಳಿಯುವ ದೋಷ ಸುಮಾರು 40 ಮಾತ್ರ.

ಎರಡನೆಯದು ಒಂದೇ ಕಡೆಗೆ ವಾಲುವ ತಪ್ಪು. ಒಗ್ಗರಣೆಗೆ ಬಾಟಲಿಯಿಂದ ನೇರವಾಗಿ ಸುರಿದ ಎಣ್ಣೆ, ಅಡುಗೆ ಮಾಡುತ್ತ ರುಚಿ ನೋಡಿದ್ದು, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ಬಾಯಿಗೆ ಹಾಕಿಕೊಂಡದ್ದು, ಕಚೇರಿಯಲ್ಲಿ ಯಾರೋ ಹಂಚಿದ ಮೈಸೂರುಪಾಕು. ಇವು ಯಾವಾಗಲೂ ಲೆಕ್ಕವನ್ನು ಕಡಿಮೆ ತೋರಿಸುತ್ತವೆಯೇ ಹೊರತು ಎಂದೂ ಹೆಚ್ಚು ತೋರಿಸುವುದಿಲ್ಲ. ದಿನಗಳುರುಳಿದರೂ ಇವು ಕರಗವು.

ಇದರ ಪ್ರಮಾಣ ಎಷ್ಟಿರಬಹುದೆಂಬುದಕ್ಕೆ 1992ರ ಒಂದು ಅಧ್ಯಯನ ಸಾಕ್ಷಿ. ದಿನಕ್ಕೆ 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲವೆಂದು ದೂರುತ್ತಿದ್ದ ಸ್ಥೂಲಕಾಯದ ಹತ್ತು ಜನರನ್ನು ನ್ಯೂಯಾರ್ಕಿನ ವೈದ್ಯರು ಪರೀಕ್ಷಿಸಿದರು. ವಿಶೇಷ ಐಸೊಟೋಪ್‌ಗಳಿರುವ ನೀರನ್ನು ಕುಡಿಸಿ ದೇಹದ ನಿಜವಾದ ಶಕ್ತಿವ್ಯಯವನ್ನು ಅಳೆದಾಗ, ಅವರೆಲ್ಲರ ಚಯಾಪಚಯ ಸಹಜವಾಗಿಯೇ ಇತ್ತು. ತಿಂದದ್ದನ್ನು ಮಾತ್ರ ಅವರು ಸರಾಸರಿ ಶೇ. 47ರಷ್ಟು ಕಡಿಮೆ ವರದಿ ಮಾಡಿದ್ದರು. ದೈಹಿಕ ಚಟುವಟಿಕೆಯನ್ನು ಶೇ. 51ರಷ್ಟು ಹೆಚ್ಚು ಹೇಳಿದ್ದರು. ಎಂಥ ಸೂಕ್ಷ್ಮ ತಕ್ಕಡಿಯೂ ತನ್ನ ಮೇಲೆ ಇಡದ ಆಹಾರವನ್ನು ತೂಗಲಾರದು.

ಎಲ್ಲಿ ತಕ್ಕಡಿ, ಎಲ್ಲಿ ಕಣ್ಣಳತೆ

ಹಾಗಾದರೆ ಶ್ರಮ ಎಲ್ಲಿ ಸಾರ್ಥಕ? ಕಡಿಮೆ ಜಾಗದಲ್ಲಿ ಹೆಚ್ಚು ಶಕ್ತಿ ಅಡಗಿರುವ ಪದಾರ್ಥಗಳಲ್ಲಿ. ಪಾಲಕ್ ಸೊಪ್ಪನ್ನು 50 ಗ್ರಾಂ ತಪ್ಪಾಗಿ ಅಂದಾಜಿಸಿದರೆ ಆಗುವ ವ್ಯತ್ಯಾಸ ಹದಿಮೂರು ಕ್ಯಾಲೊರಿ ಮೀರದು. ತುಪ್ಪವನ್ನು ಹತ್ತೇ ಗ್ರಾಂ ತಪ್ಪಿದರೆ 90. ಆದ್ದರಿಂದ ಎಣ್ಣೆ, ತುಪ್ಪ, ಬೆಣ್ಣೆ, ಸಕ್ಕರೆ, ಬೆಲ್ಲ, ಕಡಲೆಕಾಯಿ, ಗೋಡಂಬಿ, ತೆಂಗಿನಕಾಯಿ ಇವುಗಳನ್ನು ಅಳೆಯಬೇಕು. ನೂರು ಗ್ರಾಂ ತೆಂಗಿನತುರಿಯಲ್ಲಿ 400ಕ್ಕೂ ಹೆಚ್ಚು ಕ್ಯಾಲೊರಿ ಇದೆಯೆಂಬುದನ್ನು ಕರಾವಳಿಯ ಅಡುಗೆ ಮಾಡುವವರು ನೆನಪಿಡಬೇಕು. ಸೌತೆಕಾಯಿ, ಟೊಮೆಟೊ, ಸೊಪ್ಪು, ಹೀರೆಕಾಯಿ, ನೀರುಮಜ್ಜಿಗೆಗಳಿಗೆ ಕಣ್ಣಳತೆ ಧಾರಾಳ ಸಾಕು.

ಎಣ್ಣೆಯನ್ನು ಪ್ರತಿ ಒಗ್ಗರಣೆಗೂ ಅಳೆಯುವುದು ಬೇಸರವೆನಿಸಿದರೆ ಸುಲಭದ ದಾರಿ ಇದೆ. ನಾಲ್ವರ ಮನೆಯಲ್ಲಿ ತಿಂಗಳಿಗೆ 3 ಲೀಟರ್ ಎಣ್ಣೆ ಮುಗಿಯುತ್ತದೆಂದರೆ ಅದು ಸುಮಾರು 2,750 ಗ್ರಾಂ. ನಾಲ್ಕು ಜನ, ಮೂವತ್ತು ದಿನಕ್ಕೆ ಭಾಗಿಸಿದರೆ ತಲಾ 23 ಗ್ರಾಂ, ಅಂದರೆ ದಿನಕ್ಕೆ 200ಕ್ಕೂ ಹೆಚ್ಚು ಕ್ಯಾಲೊರಿ. ತಿಂಗಳ ದಿನಸಿ ಚೀಟಿಯೇ ಇಲ್ಲಿ ತಕ್ಕಡಿಯ ಕೆಲಸ ಮಾಡುತ್ತದೆ.

ಧಾನ್ಯಗಳ ವಿಷಯದಲ್ಲಿ ಹಸಿ ತೂಕವೋ ಬೆಂದ ತೂಕವೋ ಎಂಬುದು ಮುಖ್ಯ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ. ನೂರು ಗ್ರಾಂ ಅನ್ನದಲ್ಲಿ ಸುಮಾರು 130. ಅನ್ನ ತೂಗಿ ಅಕ್ಕಿಯ ಸಾಲಿನಲ್ಲಿ ಬರೆದರೆ ಲೆಕ್ಕ ಎರಡೂವರೆ ಪಟ್ಟು ಉಬ್ಬುತ್ತದೆ; ಅಕ್ಕಿ ತೂಗಿ ಅನ್ನದ ಸಾಲಿನಲ್ಲಿ ಬರೆದರೆ ಅಷ್ಟೇ ಕುಗ್ಗುತ್ತದೆ. ರಾಗಿಮುದ್ದೆಗೂ ಇದೇ ಮಾತು. ಮುದ್ದೆಯ ತೂಕ ನೀರಿನ ಪ್ರಮಾಣಕ್ಕೆ ತಕ್ಕಂತೆ ಬದಲಾಗುತ್ತದೆ. ನೂರು ಗ್ರಾಂ ಹಿಟ್ಟಿನ ಸುಮಾರು 320 ಕ್ಯಾಲೊರಿ ಬದಲಾಗುವುದಿಲ್ಲ. ಅಳೆಯಬೇಕಾದುದು ಹಿಟ್ಟನ್ನು, ಮುದ್ದೆಯನ್ನಲ್ಲ.

ದೇಹವೇ ಅಂತಿಮ ತಕ್ಕಡಿ

ನಿಖರತೆಗಿಂತ ಮುಖ್ಯವಾದುದು ಏಕರೂಪತೆ. ಒಬ್ಬರು ನಾಲ್ಕು ವಾರ ಒಂದೇ ಕ್ರಮದಲ್ಲಿ ಬರೆದಿಟ್ಟ ಸರಾಸರಿ 1,600 ಎಂದಿರಲಿ. ಆ ಅವಧಿಯಲ್ಲಿ ತೂಕ ಏರದೆ ಇಳಿಯದೆ ನಿಂತಿದ್ದರೆ, ಅವರ ಅಳತೆಯಲ್ಲಿ 1,600 ಎಂಬುದೇ ಸಮತೋಲನದ ಬಿಂದು. ನಿಜವಾದ ಅಂಕಿ 1,850 ಇದ್ದರೂ ಬಾಧಕವಿಲ್ಲ. ಅದೇ ಕ್ರಮದಲ್ಲಿ ಅಳೆಯುತ್ತ 1,300ಕ್ಕೆ ಇಳಿದರೆ ಸುಮಾರು 300ರ ಕೊರತೆ ಉಂಟಾಗುತ್ತದೆ. ತಕ್ಕಡಿಯ ಮುಳ್ಳು ಸ್ವಲ್ಪ ವಾಲಿದ್ದರೂ ಎರಡು ತೂಕಗಳ ವ್ಯತ್ಯಾಸವನ್ನು ಅದು ಸರಿಯಾಗಿ ಹೇಳುವಂತೆ.

ಈ ಏಕರೂಪತೆ ಮುರಿಯುವುದು ಸಾಮಾನ್ಯವಾಗಿ ಭಾನುವಾರ, ಹಬ್ಬ ಮತ್ತು ಮದುವೆಮನೆಗಳಲ್ಲಿ. ಆರು ದಿನ ತಲಾ 300 ಉಳಿಸಿದರೆ 1,800. ಏಳನೆಯ ದಿನ ಒಬ್ಬಟ್ಟಿನ ಊಟದಲ್ಲಿ 1,500 ಹೆಚ್ಚು ತಿಂದು ಅದನ್ನು ಬರೆಯದೆ ಬಿಟ್ಟರೆ ವಾರದ ನಿವ್ವಳ ಉಳಿತಾಯ 300 ಮಾತ್ರ. ಹಬ್ಬದೂಟವನ್ನು ತ್ಯಜಿಸಬೇಕಿಲ್ಲ, ಒರಟು ಅಂದಾಜಿನಲ್ಲಾದರೂ ಬರೆಯಬೇಕು.

ತೂಕವನ್ನೂ ದಿನದಿನಕ್ಕೆ ಓದಬಾರದು. ದೇಹದಲ್ಲಿ ಸಂಗ್ರಹವಾಗುವ ಪ್ರತಿ ಗ್ರಾಂ ಗ್ಲೈಕೊಜನ್ ಸುಮಾರು 3 ಗ್ರಾಂ ನೀರನ್ನು ಹಿಡಿದಿಡುತ್ತದೆ. ಉಪ್ಪು, ಋತುಚಕ್ರ, ಮಲಬದ್ಧತೆಗಳೂ ಸೇರಿ ಒಂದೆರಡು ಕೆ.ಜಿ. ಏರಿಳಿತ ಸಹಜ. ವಾರದ ಸರಾಸರಿಗಳನ್ನು ಹೋಲಿಸುವುದೇ ಸರಿಯಾದ ಕ್ರಮ.

ಒಂದು ಕೆ.ಜಿ.ಗೆ 7,700 ಕ್ಯಾಲೊರಿ ಎಂಬ ಪ್ರಚಲಿತ ಸೂತ್ರವನ್ನೂ ಮಿತಿಯರಿತು ಬಳಸಬೇಕು. ತೂಕ ಇಳಿದಂತೆ ದೇಹದ ಖರ್ಚೂ ಇಳಿಯುವುದನ್ನು ಅದು ಗಣಿಸುವುದಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ನೀಡಿದ ಅಂದಾಜಿನಂತೆ, ಸೇವನೆಯಲ್ಲಿ ದಿನಕ್ಕೆ 24 ಕ್ಯಾಲೊರಿಯ ಶಾಶ್ವತ ಬದಲಾವಣೆಯಾದರೆ ತೂಕದಲ್ಲಿ ಕೊನೆಗೆ ಒಂದು ಕೆ.ಜಿ. ಬದಲಾವಣೆ. ಅದರ ಅರ್ಧ ಕಾಣಿಸಲು ಸುಮಾರು ಒಂದು ವರ್ಷ, ಬಹುತೇಕ ಪೂರ್ತಿಯಾಗಲು ಮೂರು ವರ್ಷ ಬೇಕು. ದಿನವೂ ಎರಡು ಚಮಚ ಎಣ್ಣೆ ಹೊಸದಾಗಿ ಸೇರಿಕೊಂಡರೆ ಸುಮಾರು 90 ಕ್ಯಾಲೊರಿ. ಕಾಲಾಂತರದಲ್ಲಿ ಅದು ಮೂರ್ನಾಲ್ಕು ಕೆ.ಜಿ.ಯಾಗಿ ನಿಲ್ಲುತ್ತದೆ. 13 ಕ್ಯಾಲೊರಿಗೆ ಕೊರಗುವವರು ಗಮನಿಸಬೇಕಾದುದು ಇದನ್ನು.

ಯಾರಿಗೆ ಎಚ್ಚರ ಅಗತ್ಯ

ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳ ವಿಷಯ ಬೇರೆ. ಅವರಿಗೆ ಮುಖ್ಯವಾದುದು ಪ್ರತಿ ಊಟದ ಕಾರ್ಬೋಹೈಡ್ರೇಟ್ ಲೆಕ್ಕ; ಅದನ್ನು ವೈದ್ಯರ ಮಾರ್ಗದರ್ಶನದಲ್ಲೇ ಕಲಿಯಬೇಕು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು ತಾವಾಗಿಯೇ ಕ್ಯಾಲೊರಿ ಕಡಿತಕ್ಕೆ ಇಳಿಯಬಾರದು. ಅಂಕಿ ಮೀರಿತೆಂದು ಊಟ ಬಿಡುವುದು, ತಿಂದದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ ವ್ಯಾಯಾಮ ಮಾಡುವುದು, ಬೇರೆಯವರ ಮನೆಯಲ್ಲಿ ಉಣ್ಣಲು ಹೆದರುವುದು ಕಂಡುಬಂದರೆ ಲೆಕ್ಕವನ್ನು ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಅದು ಶಿಸ್ತಲ್ಲ, ಕಾಯಿಲೆಯ ಮುನ್ಸೂಚನೆಯಾಗಿರಬಹುದು.

ಉಳಿದವರಿಗೆ ದಿನದ ಮೊತ್ತವನ್ನು ಸಮೀಪದ ನೂರಕ್ಕೆ ಸರಿಹೊಂದಿಸಿದರೆ ಸಾಕು. ಜಿಡ್ಡು, ಸಿಹಿ ಮತ್ತು ಕಾಳುಬೀಜಗಳನ್ನು ಅಳೆದು, ತಿಂದದ್ದನ್ನು ಮುಚ್ಚಿಡದೆ ಬರೆದು, ತಿಂಗಳಿಗೊಮ್ಮೆ ತೂಕದ ಸರಾಸರಿ ನೋಡಿ ನೂರಿನ್ನೂರು ಕ್ಯಾಲೊರಿ ಹೆಚ್ಚು ಕಡಿಮೆ ಮಾಡಿಕೊಂಡರೆ, ಮನೆಯ ಲೆಕ್ಕದಿಂದ ನಿರೀಕ್ಷಿಸಬಹುದಾದ ಪ್ರಯೋಜನವೆಲ್ಲ ದಕ್ಕಿದಂತೆಯೇ.