ಬಿದ್ದವನ ಕಥೆಯನ್ನು ಬರೆಯುವವರು ಯಾರು?

ಬೆಂಗಳೂರಿನಿಂದ ಬಂಗಾರಪೇಟೆಯ ಕಡೆಗೆ ಹೋಗುವ ರೈಲು ಮಾಲೂರನ್ನು ದಾಟಿ ಟೇಕಲ್ಲನ್ನು ಸಮೀಪಿಸಿದಾಗ ಕಣ್ಣಿಗೆ ಬೀಳುವುದೆಲ್ಲ ಕಲ್ಲು. ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂತಿರುವ ಈ ಸೀಮೆಯಲ್ಲಿ ನೆನಪಿಗೂ ಕಲ್ಲೇ ಒಡಲು. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಅದರ ಪುಟಗಳಲ್ಲಿ ವೀರಗಲ್ಲುಗಳು ಮತ್ತೆ ಮತ್ತೆ ಎದುರಾಗುತ್ತವೆ. ಯಾವ ಅರಸು ಆಳುತ್ತಿದ್ದಾಗ, ಯಾವ ಊರಿನ ತುರುಗಳನ್ನು ಬಿಡಿಸುವಾಗ, ಯಾರು ಮಡಿದನೆಂಬುದನ್ನು ಇಂಥ ಕಲ್ಲುಗಳು ಹೇಳುತ್ತವೆ. ಆದರೆ ಮಡಿದವನು ತನ್ನ ಕಲ್ಲನ್ನು ತಾನೇ ಕೆತ್ತಲಾರ. ಅದು ಉಳಿದವರ ಕೆಲಸ.

ಗಣಕಯಂತ್ರದ ಲೋಕದಲ್ಲಿಯೂ ನಡೆಯುವುದು ಇದೇ ನ್ಯಾಯ. ಅಲ್ಲಿ ಓಡುತ್ತಿರುವ ಪ್ರೋಗ್ರಾಮು ಎಡವಿ ಬಿದ್ದರೆ ಅದರ ಕೊನೆಯ ಗಳಿಗೆಯನ್ನು ತಿಳಿಯುವುದು ಹೇಗೆ?

ಯಂತ್ರದ ಮಿದುಳೆನಿಸಿದ ಪ್ರೊಸೆಸರಿನೊಳಗೆ ರಿಜಿಸ್ಟರುಗಳೆಂಬ ಪುಟ್ಟ ಕೋಶಗಳಿವೆ. ನಮಗೆ ಚಿರಪರಿಚಿತವಾದ 64 ಬಿಟ್ಟಿನ ಇಂಟೆಲ್ ಮಾದರಿಯಲ್ಲಿ ಸಾಮಾನ್ಯ ಬಳಕೆಗೆ 16 ಕೋಶಗಳು. ಮುಂದಿನ ಆಜ್ಞೆ ಎಲ್ಲಿದೆಯೆಂದು ತೋರಿಸಲು ಬೇರೊಂದು. ಇವುಗಳಲ್ಲಿರುವ ಅಂಕಗಳು ಸೆಕೆಂಡಿಗೆ ಕೋಟಿಗಟ್ಟಲೆ ಬಾರಿ ಬದಲಾಗುತ್ತವೆ. ದೋಷ ಹುಡುಕುವ ಸಾಧನವಾದ ಡಿಬಗ್ಗರು ಹರಿಯುವ ನೀರಿನ ಮೇಲಿನ ಈ ಬರಹವನ್ನು ಓದುವ ಬಗೆಯೇನು? ನಿಜ ಹೇಳಬೇಕೆಂದರೆ, ಅದು ಹರಿಯುವುದನ್ನು ಓದುವುದೇ ಇಲ್ಲ. ಯಂತ್ರದ ಆಡಳಿತವೆಲ್ಲ ಕರ್ನಲ್ಲಿನ ಕೈಯಲ್ಲಿದೆ. ಪ್ರೋಗ್ರಾಮನ್ನು ನಿಲ್ಲಿಸಿದೊಡನೆ ಕರ್ನಲ್ಲು ಅದರ ರಿಜಿಸ್ಟರುಗಳನ್ನೆಲ್ಲ ತನ್ನ ಸ್ಮೃತಿಯಲ್ಲಿ ನಕಲು ಮಾಡಿಕೊಳ್ಳುತ್ತದೆ. ಲಿನಕ್ಸ್ ವ್ಯವಸ್ಥೆಯಲ್ಲಿ ಡಿಬಗ್ಗರು ‘ಪಿಟ್ರೇಸ್’ ಎಂಬ ಕರೆಯ ಮೂಲಕ ಆ ನಕಲನ್ನು ಕೇಳಿ ಪಡೆಯುತ್ತದೆ. ಬೇಕಾದ ಕಡೆ ನಿಲ್ಲಿಸುವ ಉಪಾಯವೂ ಸರಳ. ಅಲ್ಲಿನ ಆಜ್ಞೆಯ ಮೊದಲ ಬೈಟನ್ನು ತೆಗೆದು 204 ಎಂಬ ಅಂಕವನ್ನಿಟ್ಟರೆ ಸಾಕು. ಅಲ್ಲಿಗೆ ಬಂದ ಪ್ರೊಸೆಸರು ತಾನಾಗಿ ಕರ್ನಲ್ಲಿಗೆ ಶರಣಾಗುತ್ತದೆ.

ಪ್ರೋಗ್ರಾಮು ತನ್ನದಲ್ಲದ ಸ್ಮೃತಿಯ ಮೇಲೆ ಕೈಯಿಟ್ಟರೆ ಕರ್ನಲ್ಲು 11ನೆಯ ಸಂಕೇತವನ್ನು ಕಳುಹಿಸುತ್ತದೆ. ಸಾಮಾನ್ಯವಾಗಿ ಅದೇ ಮರಣಾಜ್ಞೆ. ವ್ಯವಸ್ಥೆಯಲ್ಲಿ ಅನುಮತಿಯಿದ್ದರೆ, ಸತ್ತವನ ಸ್ಮೃತಿಯನ್ನೂ ರಿಜಿಸ್ಟರುಗಳನ್ನೂ ಕರ್ನಲ್ಲು ಒಂದು ಕಡತದಲ್ಲಿ ಬರೆದಿಡುತ್ತದೆ. ಇದಕ್ಕೆ ‘ಕೋರ್ ಡಂಪ್’ ಎಂದು ಹೆಸರು. ತಂತಿಯಲ್ಲಿ ಪೋಣಿಸಿದ ಫೆರೈಟ್ ಉಂಗುರಗಳೇ ಯಂತ್ರಗಳ ಸ್ಮೃತಿಯಾಗಿದ್ದ ಕಾಲದ ಹೆಸರು ಇದು. ಆ ಉಂಗುರವೇ ‘ಕೋರ್’. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಪೂರ್ಣರೂಪಕ್ಕೆ ಬಂದ ಟಿಫ್ರಾಕ್ ಯಂತ್ರದಲ್ಲೂ ಇಂಥ ಉಂಗುರಗಳಿದ್ದವು. ಉಂಗುರಗಳು ಹೋದವು, ಹೆಸರು ಉಳಿಯಿತು. ರಿಚರ್ಡ್ ಸ್ಟಾಲ್ಮನ್ 1986ರಲ್ಲಿ ರಚಿಸಿದ ಜಿಡಿಬಿಯಂಥ ಡಿಬಗ್ಗರು ಈ ಕಡತವನ್ನು ತೆರೆದು, ಯಾವ ಭಾಗವನ್ನು ಯಾವ ಭಾಗ ಕರೆದಿತ್ತೆಂದು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ನಡೆದು ತೋರಿಸುತ್ತದೆ.

ಸರಿ, ಕರ್ನಲ್ಲೇ ಸತ್ತರೆ? ಊರಿಗೆ ಊರೇ ಅಳಿದಾಗ ಕಲ್ಲು ನಿಲ್ಲಿಸುವವರು ಯಾರು? ಸಾಯುತ್ತಿರುವ ಕರ್ನಲ್ಲಿನ ಕೈಗೇ ಲೇಖನಿ ಕೊಡುವುದು ಅಪಾಯ. ಬುದ್ಧಿ ಕೆಟ್ಟ ಸ್ಥಿತಿಯಲ್ಲಿ ಅದು ಡಿಸ್ಕಿನ ಮೇಲಿರುವ ಒಳ್ಳೆಯ ಬರಹವನ್ನೂ ಅಳಿಸೀತು. ಇದಕ್ಕೆ ದೊರೆತ ಉತ್ತರ ‘ಕೆಡಂಪ್’. ಅದನ್ನು ಕುರಿತ ಪ್ರಬಂಧವನ್ನು 2005ರ ಒಟ್ಟಾವಾ ಲಿನಕ್ಸ್ ಸಮ್ಮೇಳನಕ್ಕೆ ಬರೆದವರು ವಿವೇಕ್ ಗೋಯಲ್, ಎರಿಕ್ ಬೀಡರ್ಮನ್ ಮತ್ತು ಹರಿಪ್ರಸಾದ್ ನೆಲ್ಲಿತೀರ್ಥ. ಬೆಂಗಳೂರಿನ ಐಬಿಎಂ ಲಿನಕ್ಸ್ ತಂತ್ರಜ್ಞಾನ ಕೇಂದ್ರಕ್ಕೆ ಈ ಕಾರ್ಯದಲ್ಲಿ ದೊಡ್ಡ ಪಾಲುಂಟು. ಯಂತ್ರ ಏಳುವಾಗಲೇ ಸ್ಮೃತಿಯ ಒಂದು ಮೂಲೆಯನ್ನು ಮೀಸಲಿಟ್ಟು, ಆಮೇಲೆ ಅಲ್ಲಿ ಎರಡನೆಯ ಕರ್ನಲ್ಲೊಂದನ್ನು ಮಲಗಿಸಿರುತ್ತಾರೆ. ಮೊದಲನೆಯದು ಕುಸಿದಾಗ ಎರಡನೆಯದು ಎದ್ದು, ಹಳೆಯದರ ಸ್ಮೃತಿ ಅಳಿಯದಂತೆ ಅದನ್ನು ಬರೆದಿಡುತ್ತದೆ. ಅದೇ ವರ್ಷದ ಆಗಸ್ಟಿನಲ್ಲಿ ಹೊರಬಂದ ಲಿನಕ್ಸ್ 2.6.13ರಲ್ಲಿ ಈ ವಿಧಾನ ಸೇರಿಕೊಂಡಿತು.

ಇಷ್ಟಾದರೂ ಓದುವವನ ಹೊಣೆ ಉಳಿದೇ ಇರುತ್ತದೆ. ವೀರಗಲ್ಲಿನಲ್ಲಿ ಕೆತ್ತಿದವರು ಆರಿಸಿಕೊಂಡದ್ದಷ್ಟೇ ಉಂಟು. ಕೋರ್ ಡಂಪಿನಲ್ಲಿ ಆಯ್ಕೆಗೆ ಎಡೆ ಬಲು ಕಡಿಮೆ. ಸಾಯುವ ಹೊತ್ತಿಗೆ ನೆನಪಿನಲ್ಲಿದ್ದ ಗುಪ್ತಪದ, ಯಾರದೋ ಖಾಸಗಿ ಪತ್ರ, ಎಲ್ಲವೂ ಅದರಲ್ಲಿ ಸೇರಿರಬಹುದು. ಆದ್ದರಿಂದ ಅದನ್ನು ಕಂಡಕಂಡವರ ಕೈಗೆ ಕೊಡಲಾಗದು.

ಎರಡನೆಯ ಎಚ್ಚರ ಇನ್ನೂ ಮುಖ್ಯವಾದದ್ದು. ಬಿದ್ದ ಜಾಗವೇ ಗಾಯವಾದ ಜಾಗವೆಂದು ನಂಬಲಾಗದು. ಬಿಟ್ಟುಕೊಟ್ಟ ಸ್ಮೃತಿಯನ್ನು ಇನ್ನೂ ತನ್ನದೆಂದೇ ಬಗೆದು ಒಂದು ಭಾಗ ಅಲ್ಲಿ ಏನನ್ನೋ ಗೀಚಿರುತ್ತದೆ. ಗಂಟೆಗಳು ಕಳೆದ ಮೇಲೆ ಆ ಗೀಚನ್ನು ವಿಳಾಸವೆಂದು ನಂಬಿ ನಡೆದ ಮತ್ತೊಂದು ಭಾಗ ಹಳ್ಳಕ್ಕೆ ಬೀಳುತ್ತದೆ. ಕಡತದಲ್ಲಿ ದಾಖಲಾಗುವುದು ಬಿದ್ದ ನಿರಪರಾಧಿಯ ಹೆಸರು. ಗೀಚಿದವನು ಆ ವೇಳೆಗೆ ತನ್ನ ಕೆಲಸ ಮುಗಿಸಿ ಹೋಗಿರುತ್ತಾನೆ. ರಿಜಿಸ್ಟರುಗಳು ಸುಳ್ಳು ಹೇಳುವುದಿಲ್ಲ, ಆದರೆ ಅವುಗಳ ಸಾಕ್ಷ್ಯ ಕೊನೆಯ ಒಂದು ಗಳಿಗೆಯದು. ಅಲ್ಲಿಂದ ಹಿಂದಕ್ಕೆ ನಡೆದು ಗಾಯದ ಮೂಲವನ್ನು ಕಾಣುವುದಕ್ಕೆ ತಾಳ್ಮೆ ಬೇಕು. ಸತ್ತವನನ್ನೇ ತಪ್ಪಿತಸ್ಥನೆಂದು ಅವಸರದಲ್ಲಿ ತೀರ್ಮಾನಿಸದಿರುವ ನ್ಯಾಯಬುದ್ಧಿಯೂ ಬೇಕು.