ಹಲಸಿನ ಮೇಳವೂ ಚೇಳೂರಿನ ಮರವೂ

ಗುಬ್ಬಿ, ಕುಣಿಗಲು, ತುಮಕೂರು ಸೀಮೆಗಳಲ್ಲಿ ಹಲಸು ತೆಂಗಿನ ತೋಟದ ಅಂಚಿನಲ್ಲಿ ತನ್ನಷ್ಟಕ್ಕೆ ಬೆಳೆಯುವ ಮರ. ನಿತ್ಯವೂ ಕಾಣುವ ವಸ್ತುವಿಗೆ ಆದರ ಕಡಮೆ. ಆದಕಾರಣ ಈ ಹಣ್ಣಿಗಾಗಿಯೇ ತುಮಕೂರಿನಲ್ಲಿ ಮೇಳವೆಂದು ಕೇಳಿ, ನಮ್ಮ ಬಾಲಿಕೆಯರನ್ನು ಕರೆದುಕೊಂಡು ಹೋದೆವು.

ಅಲ್ಲಿ ರೈತರು ತಂತಮ್ಮ ಮರದ ಹಣ್ಣುಗಳನ್ನು ಕೊಯ್ದು ಸಾಲಾಗಿ ಇಟ್ಟಿದ್ದರು. ಒಂದರ ತೊಳೆ ಬಿಳುಪು, ಒಂದರದು ಹಳದಿ, ಮತ್ತೊಂದರದು ತಾಮ್ರದಂತೆ ಕೆಂಪು. ಪಕ್ಕದಲ್ಲಿ ಹೆಣ್ಣುಮಕ್ಕಳು ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸುತ್ತಿದ್ದರು. ಹಪ್ಪಳ, ಕಡುಬು, ಬೀಜದ ಸಾರು ಎಲ್ಲವೂ ಇದ್ದವು. "ಹಸಿದು ಹಲಸು, ಉಂಡು ಮಾವು" ಎಂಬ ಗಾದೆಯನ್ನು ನಮ್ಮ ಮಕ್ಕಳು ಅಕ್ಷರಶಃ ಪಾಲಿಸಿದರು.

"ಒಳ್ಳೆಯ ಹಣ್ಣಿನ ಬೀಜವನ್ನು ನೆಟ್ಟರೆ ಸಾಲದೇ, ಅಮ್ಮಾ?" ಎಂದು ಒಬ್ಬಳು ಕೇಳಿದಳು. ಸಾಲದು. ಹಲಸಿನಲ್ಲಿ ಗಂಡು ಹೂಗೊಂಚಲೂ ಹೆಣ್ಣು ಹೂಗೊಂಚಲೂ ಒಂದೇ ಮರದಲ್ಲಿ ಬೇರೆ ಬೇರೆಯಾಗಿರುತ್ತವೆ. ಪರಾಗವು ಬಹಳ ಸಲ ಅನ್ಯ ಮರದಿಂದ ಬರುವುದರಿಂದ ಬೀಜದ ಸಸಿಯು ತಾಯಿಯನ್ನು ಹೋಲುವುದೆಂಬ ಭರವಸೆಯಿಲ್ಲ. ಇದನ್ನು ನಾವು ಅನುಭವದಿಂದಲೂ ಬಲ್ಲೆವು. ನಮ್ಮ ತವರಿನ ಹಿತ್ತಲಿನಲ್ಲಿದ್ದ ಜೇನಿನಂಥ ಹಲಸನ್ನು ಬಾಗಿಲುವಾಡಕ್ಕೆಂದು ಕಡಿಸಿದರು. ಅದರ ಬೀಜಗಳನ್ನು ನೆಟ್ಟು ಅನೇಕ ವರ್ಷ ಕಾದೆವು. ಹಣ್ಣು ಬಂದಿತು, ಆ ರುಚಿ ಬರಲಿಲ್ಲ. ಬಾಗಿಲು ಇಂದಿಗೂ ಗಟ್ಟಿಯಾಗಿದೆ.

ಇದಕ್ಕೆ ಉಪಾಯವು ಕಸಿ. ಸಾಮಾನ್ಯ ಬೀಜದಿಂದ ಬೆಳೆದ ಸಸಿಯ ಕಾಂಡಕ್ಕೆ ಒಳ್ಳೆಯ ಮರದ ಕುಡಿಯನ್ನು ಸೇರಿಸಿ ಕಟ್ಟಿದರೆ, ಎರಡೂ ಬೆಸೆದು ಆ ಮರದ ಹಣ್ಣನ್ನೇ ಕೊಡುವವು. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ರೈತರೊಬ್ಬರ ತಂದೆ ಬೆಳೆಸಿದ ಮರವೊಂದು ಹೀಗೆ ಉಳಿಯಿತು. ಅದರ ಹಣ್ಣು ಸುಮಾರು 2½ ಕಿಲೋ ತೂಗುವ ಚಿಕ್ಕದು, ತೊಳೆ ತಾಮ್ರಗೆಂಪು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದರ ಗುಣವನ್ನು ಪರೀಕ್ಷಿಸಿ, ಆ ತಂದೆಯ ಹೆಸರನ್ನು ಸ್ಮರಿಸಿ "ಸಿದ್ದು" ಎಂದು ಕರೆದರು. 2017ರಲ್ಲಿ ಕಸಿ ಸಸಿಗಳ ವಿಷಯದಲ್ಲಿ ರೈತರೊಡನೆ ಒಪ್ಪಂದ ಮಾಡಿಕೊಂಡರು. ಅಂದಿನಿಂದ ಸಸಿಗಳ ಮಾರಾಟದಲ್ಲಿ ಆ ಕುಟುಂಬಕ್ಕೂ ಪಾಲುಂಟು. ಮರವನ್ನು ಕಾದವರಿಗೆ ಫಲವೂ ಸಲ್ಲುವುದು ನ್ಯಾಯವಷ್ಟೆ.

ಮೇಳದ ಪ್ರಯೋಜನವೂ ಇದೇ. ಹಿತ್ತಲಿನಲ್ಲಿ ಮರೆಯಾಗಿದ್ದ ಮರವು ಹತ್ತು ಜನರ ಕಣ್ಣಿಗೆ ಬಿದ್ದು, ಕೊಡಲಿಗೆ ಮುಂಚೆ ಕಸಿಯ ಚಾಕು ಅದನ್ನು ತಲಪುವುದು. ಬೇಸಗೆಯ ರಜೆಯಲ್ಲಿ ಅಜ್ಜಿಯ ಊರಿಗೆ ಹೋಗುವ ನಮ್ಮ ಬಾಲಿಕೆಯರು ಅಲ್ಲಿನ ಹಲಸಿನ ಬಣ್ಣ, ರುಚಿ, ಹಣ್ಣಾಗುವ ತಿಂಗಳು, ನೆಟ್ಟವರ ಹೆಸರು ಇವುಗಳನ್ನು ಕೇಳಿ ಬರೆದು ತರಲಿ. ಕೇಳುವುದಕ್ಕೆ ಅಜ್ಜಿ ಇರುವಾಗಲೇ, ಮರ ನಿಂತಿರುವಾಗಲೇ ಈ ಪಾಠವನ್ನು ಮಾಡತಕ್ಕದ್ದು.