ಕುಪ್ಪಸದ ಹೊಲಿಗೆ: ಮನೆಯ ಸೂಜಿ ಮತ್ತು ಕನ್ನಡದ ಪದಸಂಪತ್ತು

ಬಟ್ಟೆ ಹೊಲಿಯುವುದನ್ನು ವೃತ್ತಿಯಾಗಿ ಉಳ್ಳವನಿಗೆ ಕನ್ನಡದಲ್ಲಿ ಸಿಂಪಿಗ, ಚಿಪ್ಪಿಗ, ದರ್ಜಿ, ಟೇಲರ್ ಎಂಬ ಹಲವು ಹೆಸರುಗಳಿವೆ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ತನ್ನ ಕಾಯಕದ ಹೆಸರಿನಿಂದಲೇ ಪರಿಚಿತನು. ಆದರೆ ಮನೆಯೊಳಗೆ ಕುಳಿತು ತನಗೂ ತನ್ನ ಮಕ್ಕಳಿಗೂ ಬಟ್ಟೆ ಹೊಲಿದ ಹೆಣ್ಣಿಗೆ ಅಂತಹ ಪ್ರತ್ಯೇಕ ಹೆಸರು ಬಳಕೆಯಲ್ಲಿಲ್ಲ. ಆಕೆಯ ಕೆಲಸ ವೃತ್ತಿಯೆಂದು ಪರಿಗಣಿತವಾಗಲಿಲ್ಲ. ಹೀಗಾಗಿ ಆ ಕೆಲಸದ ಮಾತುಗಳೂ ವೃತ್ತಿಪದಗಳ ಸಂಗ್ರಹದ ಹೊರಗೇ ಉಳಿಯುವ ಸಂಭವ ಹೆಚ್ಚು. ಉತ್ತರ ಕರ್ನಾಟಕದ ಕುಪ್ಪಸವೊಂದನ್ನೇ ನಿದರ್ಶನವಾಗಿ ಇಟ್ಟುಕೊಂಡು, ಆ ಮಾತುಗಳಲ್ಲಿ ಅಡಗಿರುವ ಇತಿಹಾಸವನ್ನು ಗುರುತಿಸುವ ಪ್ರಯತ್ನ ಇಲ್ಲಿದೆ.

ಮೊದಲು ಉಡುಪಿನ ಹೆಸರುಗಳನ್ನು ಗಮನಿಸಬಹುದು. ಕುಪ್ಪಸ, ರವಿಕೆ, ಚೋಳಿ, ಪೋಲಕ, ಜಂಪರ್, ಬ್ಲೌಸ್ ಎಂಬ ಆರು ಪದಗಳು ಕನ್ನಡಿಗರ ಬಾಯಲ್ಲಿವೆ. ಕುಪ್ಪಸವು ಸಂಸ್ಕೃತದ ಕೂರ್ಪಾಸದಿಂದ ಬಂದ ತದ್ಭವ. ಕೂರ್ಪಾಸಕದ ಉಲ್ಲೇಖ ಏಳನೆಯ ಶತಮಾನದ ಬಾಣನ ‘ಹರ್ಷಚರಿತ’ದಲ್ಲಿದೆ. ‘ಅಮರಕೋಶ’ವು ಚೋಲ ಮತ್ತು ಕೂರ್ಪಾಸಕ ಎಂಬವನ್ನು ಸಮಾನಾರ್ಥಕಗಳಾಗಿ ಹೇಳುತ್ತದೆ. ಆದ್ದರಿಂದ ನಮ್ಮ ಕುಪ್ಪಸವೂ ಮರಾಠಿಯ ಚೋಳಿಯೂ ಹಳೆಯ ನಿಘಂಟಿನಲ್ಲಿಯೇ ನೆರೆಹೊರೆಯವು. ರವಿಕೆ ಎಂಬುದು ತೆಲುಗಿನಲ್ಲಿಯೂ ತಮಿಳಿನಲ್ಲಿಯೂ ಅಲ್ಪಸ್ವಲ್ಪ ರೂಪಭೇದದೊಡನೆ ಬಳಕೆಯಲ್ಲಿರುವ ಪದ. ಪರಕಾರದ ಜೊತೆಗೆ ಹುಡುಗಿಯರು ತೊಡುವ ಪೋಲಕ ಮರಾಠಿಯೊಡನೆ ಹಂಚಿಕೊಂಡ ಮಾತು. ಜಂಪರ್, ಬ್ಲೌಸ್ ಇಂಗ್ಲಿಷಿನಿಂದ ಬಂದವು. ಮೇಲ್ನೋಟಕ್ಕೆ ಇವೆಲ್ಲ ಪರ್ಯಾಯ ಪದಗಳಂತೆ ತೋರುತ್ತವೆ. ಆದರೆ ಮನೆಯಲ್ಲಿ ಹೊಲಿದು ಬಲ್ಲವರಿಗೆ ಇವೆಲ್ಲ ಒಂದೇ ಉಡುಪಿನ ಹೆಸರುಗಳಲ್ಲ. ಕತ್ತರಿಸುವ ಕ್ರಮದಲ್ಲಿಯೂ ಮುಂಭಾಗವನ್ನು ಮುಚ್ಚುವ ವಿಧಾನದಲ್ಲಿಯೂ ಅವು ಬೇರೆಬೇರೆ.

ಕುಪ್ಪಸದ ಹೊಲಿಗೆಯನ್ನು ತಿಳಿಯಲು ಅದರ ಬಟ್ಟೆಯಿಂದ ಹೊರಡಬೇಕು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡವು ಖಣದ ನೇಯ್ಗೆಗೆ ಹೆಸರಾದ ಊರು. ರೇಷ್ಮೆ ಮತ್ತು ಹತ್ತಿಯ ನೂಲಿನಲ್ಲಿ, ಹೆಚ್ಚುವರಿ ಹಾಸುನೂಲಿನಿಂದ ಚಿಕ್ಕ ಚಿಕ್ಕ ಆಕೃತಿಗಳನ್ನು ಎತ್ತಿ ನೇಯುವ ಈ ಬಟ್ಟೆಯ ಎರಡೂ ಬದಿಗೆ ಅಂಚುಗಳಿರುತ್ತವೆ. ತೇರು, ಆನೆಹೆಜ್ಜೆ ಮೊದಲಾದವು ಆಕೃತಿಗಳ ಹೆಸರುಗಳು. ಒಂದು ಕುಪ್ಪಸಕ್ಕೆ ಸಾಲುವಷ್ಟು ಬಟ್ಟೆಯೇ ಒಂದು ಖಣ. ಅಂದರೆ ಖಣವೆಂಬುದು ಬಟ್ಟೆಯ ಹೆಸರಾಗಿರುವಂತೆಯೇ ಒಂದು ಅಳತೆಯೂ ಹೌದು. ಉಡಿ ತುಂಬುವಾಗ ಅಕ್ಕಿ, ತೆಂಗಿನಕಾಯಿಗಳೊಡನೆ ಮುತ್ತೈದೆಗೆ ಕೊಡುವುದು ಈ ಖಣವನ್ನೇ. ಮರಾಠಿ ಮನೆಗಳಲ್ಲಿ ಇದೇ ಆಚರಣೆ ‘ಓಟಿ ಭರಣೆ’ ಎನಿಸಿಕೊಳ್ಳುತ್ತದೆ. ಅಲ್ಲಿಯೂ ಖಣಕ್ಕೆ ಅದೇ ಸ್ಥಾನವಿದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಉಡಿಯಲ್ಲಿ ಬರುವ ಬಟ್ಟೆ ಹೊಲಿದ ಉಡುಪಲ್ಲ, ಹೊಲಿಯಬೇಕಾದ ತುಂಡು. ಪಡೆದವಳ ಮೈಯಳತೆ ಕೊಡುವವಳಿಗೆ ಬೇಕಿಲ್ಲ. ಉಡುಪನ್ನು ಪೂರ್ಣಗೊಳಿಸುವ ಕೆಲಸ ಪಡೆದವಳ ಮನೆಗೆ ಸೇರಿದ್ದು. ಹೀಗೆ ಆಚರಣೆಯೇ ಮನೆಯ ಹೊಲಿಗೆಗೆ ನಿರಂತರವಾಗಿ ಬಟ್ಟೆಯನ್ನು ಒದಗಿಸುತ್ತಿತ್ತು.

ಹಳೆಯ ಬಗೆಯ ಕಟ್ಟುಕುಪ್ಪಸದಲ್ಲಿ ಬೆನ್ನು, ಎರಡು ಮುಂಭಾಗ, ಎರಡು ತೋಳು, ಕಂಕುಳಿಗೆ ಸೇರಿಸುವ ಚಿಕ್ಕ ತುಂಡುಗಳು ಇರುತ್ತವೆ. ಹೆಚ್ಚಿನ ತುಂಡುಗಳು ನೇರ ಅಂಚಿನವು. ದುಂಡಗೆ ಕತ್ತರಿಸಿದರೆ ಬಟ್ಟೆ ಪೋಲಾಗುತ್ತದೆ, ನೇರವಾಗಿ ಕತ್ತರಿಸಿದರೆ ಬಹುಮಟ್ಟಿಗೆ ಉಳಿಯುತ್ತದೆ. ಖಣದ ಅಂಚು ತೋಳಿನ ತುದಿಗೂ ಕುಪ್ಪಸದ ಕೆಳಗಿನ ಭಾಗಕ್ಕೂ ಬರುವಂತೆ ತುಂಡುಗಳನ್ನು ಹೊಂದಿಸುತ್ತಾರೆ. ಇದು ಅಂದಕ್ಕಾಗಿ ಮಾತ್ರವಲ್ಲ. ನೇಯ್ದ ಅಂಚಿನಿಂದ ಎಳೆ ಬಿಚ್ಚಿಕೊಳ್ಳುವುದಿಲ್ಲವಾದ್ದರಿಂದ ಅಲ್ಲಿ ಮಡಿಚಿ ಹೊಲಿಯುವ ಶ್ರಮ ಉಳಿಯುತ್ತದೆ. ಕಂಕುಳಿನ ತುಂಡನ್ನು ಓರೆಯಾಗಿ ಕೂಡಿಸುವುದರಿಂದ ಅಲ್ಲಿ ಬಟ್ಟೆ ಜಗ್ಗುತ್ತದೆ. ಬೀಸುವಾಗ, ಕುಟ್ಟುವಾಗ, ನೀರು ಸೇದುವಾಗ ಕೈಯೆತ್ತಿದರೂ ಹೊಲಿಗೆ ಹರಿಯುವುದಿಲ್ಲ. ಮುಂಭಾಗದ ಎರಡು ತುದಿಗಳನ್ನು ಎದೆಯ ಕೆಳಗೆ ಗಂಟು ಹಾಕಿದರೆ ಕುಪ್ಪಸ ಮೈಗೆ ಕೂಡುತ್ತದೆ. ಆಕಾರವು ಕತ್ತರಿಯಿಂದ ಬಂದದ್ದಲ್ಲ, ಗಂಟಿನಿಂದ ಬಂದದ್ದು. ಬಸುರಿಗೂ ಬಾಣಂತಿಗೂ ಅದೇ ಕುಪ್ಪಸ ಒದಗುತ್ತಿದ್ದುದಕ್ಕೆ ಇದೇ ಕಾರಣ.

ಅಳತೆಯ ಕ್ರಮವೂ ವಿಶಿಷ್ಟವಾದುದು. ಮೊಳ, ಗೇಣು, ಬೆರಳುಗಳ ಲೆಕ್ಕ ಒಂದು ಕಡೆ. ಹಳೆಯ ಕುಪ್ಪಸವನ್ನೇ ಹೊಸ ಬಟ್ಟೆಯ ಮೇಲೆ ಹರವಿ ಕತ್ತರಿಸುವುದು ಇನ್ನೊಂದು ಕಡೆ. ಇಂದಿಗೂ ಟೇಲರಿಗೆ ಬಟ್ಟೆ ಕೊಡುವಾಗ ಜೊತೆಗೆ ‘ಅಳತೆ ಬ್ಲೌಸ್’ ಕೊಡುವ ರೂಢಿಯಲ್ಲಿ ಈ ಕ್ರಮ ಉಳಿದುಬಂದಿದೆ. ಕತ್ತರಿಸಿ ಮಿಕ್ಕ ಚೂರುಗಳೂ ವ್ಯರ್ಥವಾಗುತ್ತಿರಲಿಲ್ಲ. ಅವು ಕೂಸಿನ ಕುಂಚಿಗೆಗೆ ಆಗುತ್ತಿದ್ದವು, ಇಲ್ಲವೇ ಕೌದಿಯ ಪದರಗಳಲ್ಲಿ ಸೇರುತ್ತಿದ್ದವು.

ಹೊಲಿಗೆಯ ಯಂತ್ರ ಮನೆಯನ್ನು ಪ್ರವೇಶಿಸಿದ ಮೇಲೆ ಈ ವ್ಯವಸ್ಥೆ ಬದಲಾಯಿತು. ಸಿಂಗರ್ ಯಂತ್ರಕ್ಕೆ ಅಮೆರಿಕದಲ್ಲಿ 1851ರಲ್ಲಿ ಪೇಟೆಂಟ್ ದೊರೆಯಿತು. 1924ರಲ್ಲಿ ಯಂತ್ರನಾಗರಿಕತೆಯನ್ನು ಕುರಿತ ಸಂವಾದವೊಂದರಲ್ಲಿ ಗಾಂಧೀಜಿ ಈ ಯಂತ್ರವನ್ನು ತಮ್ಮ ಆಕ್ಷೇಪದಿಂದ ಹೊರತುಪಡಿಸಿದ್ದರು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ಯಂತ್ರದ ತಯಾರಿಕೆ ಮೊದಲಾಯಿತು. ಯಂತ್ರದ ಹೊಲಿಗೆಯೊಡನೆ ಮೈಗೆ ಅಂಟಿ ಕೂಡುವ ರವಿಕೆ, ಎದೆಯ ಭಾಗದ ಟಕ್ಸ್, ಹುಕ್ಕುಗಳ ಸಾಲು ರೂಢಿಗೆ ಬಂದವು. ಗಂಟು ಹೋಗಿ ಹುಕ್ಕು ಬಂದಾಗ ಮೈಯಳತೆ ನಿಶ್ಚಿತವಾಗಬೇಕಾಯಿತು. ಬೆಳೆಯುವ, ಬದಲಾಗುವ ಮೈಗೆ ಗಂಟು ಕೊಡುತ್ತಿದ್ದ ಅವಕಾಶವನ್ನು ಈಗ ಪಕ್ಕೆಯ ಹೊಲಿಗೆಯ ಒಳಗೆ ಬಿಡುವ ಹೆಚ್ಚಿನ ಬಟ್ಟೆ ಕೊಡುತ್ತದೆ. ಅಲ್ಲಿ ಎರಡು ಮೂರು ಸಾಲು ಹೊಲಿಗೆ ಹಾಕಿ, ಬೇಕಾದಾಗ ಒಂದೊಂದನ್ನೇ ಬಿಚ್ಚುತ್ತಾರೆ. ಸಾಧನ ಬದಲಾದರೂ ಮನೆಯ ಹೊಲಿಗೆಯ ವಿವೇಕ ಬದಲಾಗಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಈ ಪರಿವರ್ತನೆಯ ಹೆಜ್ಜೆಗುರುತುಗಳು ಭಾಷೆಯಲ್ಲಿ ಪದರಪದರವಾಗಿ ಉಳಿದಿವೆ. ಹೊಲಿಗೆ, ನೂಲು, ಎಳೆ, ಅಂಚು, ಮಡಿಕೆ, ತೋಳು ಅಚ್ಚಗನ್ನಡದವು. ಸೂಜಿ, ಕತ್ತರಿ ಸಂಸ್ಕೃತಮೂಲದವು. ದರ್ಜಿ, ಅಸ್ತರ, ಬಗಲು ಪಾರಸಿಯಿಂದ ಬಂದವು. ಗುಂಡಿ ಹಾಕುವ ರಂಧ್ರಕ್ಕೆ ಹೇಳುವ ಕಾಜ ಪೋರ್ಚುಗೀಸಿನದು. ಟಕ್ಸ್, ಹುಕ್ಕು, ಕಾಲರು ಇಂಗ್ಲಿಷಿನವು. ಉಡುಪನ್ನು ಮುಚ್ಚುವ ಸಾಧನಗಳನ್ನಷ್ಟೇ ಆಯ್ದುಕೊಂಡರೆ ಗಂಟು, ಕಸೆ, ಗುಂಡಿ, ಹುಕ್ಕು ಎಂಬ ಸಾಲು ದೊರೆಯುತ್ತದೆ. ಕಟ್ಟುವ ಉಡುಪಿನಿಂದ ತೊಡಿಸುವ ಉಡುಪಿನವರೆಗಿನ ದಾರಿ ಈ ನಾಲ್ಕು ಮಾತುಗಳಲ್ಲಿದೆ.

1995ರಲ್ಲಿ ಪೂರ್ಣಗೊಂಡ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಮುಖ್ಯವಾಗಿ ಶಾಸನಗಳನ್ನೂ ಸಾಹಿತ್ಯ ಕೃತಿಗಳನ್ನೂ ಆಧರಿಸಿದೆ. ಬರೆಹಕ್ಕೆ ಬಾರದ ಮನೆಯ ಮಾತು ಅಂತಹ ಆಕರಗಳಲ್ಲಿ ಸಿಕ್ಕುವುದು ವಿರಳ. ಅಲಂಕಾರದ ಕಸೂತಿಗೆ ದೊರೆತಿರುವ ಗಮನ ತುಂಡುಗಳನ್ನು ಕೂಡಿಸುವ ಸಾದಾ ಹೊಲಿಗೆಗೆ ದೊರೆತಿಲ್ಲ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ಕಸೂತಿಯ ಹೆಸರುಗಳು ಅನೇಕರಿಗೆ ತಿಳಿದಿವೆ. ಕಂಕುಳಿನ ತುಂಡಿಗೆ ಒಂದೊಂದು ಊರಿನಲ್ಲಿ ಏನೆನ್ನುತ್ತಾರೆಂದು ಕೇಳಿ ಬರೆದಿಟ್ಟವರು ಕಡಿಮೆ. ಖಣ ಇಂದು ಕೈಚೀಲವಾಗಿ, ಹೊಸ ವಿನ್ಯಾಸದ ಸೀರೆಯಾಗಿ ಮಾರುಕಟ್ಟೆಯಲ್ಲಿ ಉಳಿಯುತ್ತಿದೆ. ಅದನ್ನು ಕುಪ್ಪಸವಾಗಿ ಕತ್ತರಿಸಬಲ್ಲ ಕೈಗಳು ಮಾತ್ರ ವಯಸ್ಸಾದವರ ಕೈಗಳು.

ಈ ದಿಸೆಯಲ್ಲಿ ಹೊರನಾಡಿನ ಸಂಶೋಧಕರಿಗೆ ವಿಶೇಷ ಅನುಕೂಲವಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಮನೆಗಳಲ್ಲಿಯೂ ಮುಂಬಯಿ, ಪುಣೆಗಳಿಗೆ ಬಂದು ನೆಲೆಸಿದ ಕುಟುಂಬಗಳಲ್ಲಿಯೂ ಖಣ-ಚೋಳಿಗಳ ಎರಡು ಭಾಷೆಯ ಮಾತು ಒಟ್ಟಿಗೆ ಕೇಳಿಬರುತ್ತದೆ. ಹೈದರಾಬಾದು, ಚೆನ್ನೈಗಳಲ್ಲಿರುವವರು ರವಿಕೆಯ ಪರಿಭಾಷೆಯನ್ನು ತೆಲುಗು, ತಮಿಳುಗಳೊಡನೆ ಹೋಲಿಸಬಹುದು. ಪದಪಟ್ಟಿಯನ್ನು ಮುಂದಿಟ್ಟು ಕೇಳುವುದಕ್ಕಿಂತ ಹಳೆಯ ಕುಪ್ಪಸವೊಂದನ್ನು ಮುಂದಿಟ್ಟು ಕೇಳುವುದು ಮೇಲು. ತುಂಡುಗಳೆಷ್ಟು, ಅಂಚು ಎಲ್ಲಿ ಬಂದಿದೆ, ಮುಂಭಾಗ ಹೇಗೆ ಮುಚ್ಚುತ್ತದೆ, ಪ್ರತಿಯೊಂದಕ್ಕೂ ಏನು ಹೆಸರು ಎಂಬ ನಾಲ್ಕು ಪ್ರಶ್ನೆಗಳು ಆರಂಭಕ್ಕೆ ಸಾಕು. ಉತ್ತರದೊಡನೆ ಒಂದು ರೇಖಾಚಿತ್ರವನ್ನೂ ಹೇಳಿದವರ ಊರನ್ನೂ ಗುರುತಿಸಿಟ್ಟರೆ ಅದು ನಿಘಂಟಿಗೂ ಉಡುಪಿನ ಚರಿತ್ರೆಗೂ ಸಮಾನವಾಗಿ ಒದಗುವ ಆಕರವಾಗುತ್ತದೆ. ಕುಪ್ಪಸ ವಸ್ತುಸಂಗ್ರಹಾಲಯದಲ್ಲಿ ಉಳಿದೀತು. ಅದನ್ನು ಹೊಲಿದವರ ಮಾತು ಉಳಿಯಬೇಕಾದರೆ ಅವರು ಇರುವಾಗಲೇ ಕೇಳಬೇಕು.